ಒಂದಂಗುಲಕ್ಕೆ ಒಂದಡಿ

"ಕೈ ತೆಗೀರಿ," ಅಂದಳು ನಡೀನ್.

ಬಿಳಿ ಕೈಗವಸು ಹಾಕಿಕೊಂಡ ನಾಲ್ಕು ಹುಡುಗರು ಅಷ್ಟರಲ್ಲಾಗಲೇ ಅವಳ ಗಾಲಿಕುರ್ಚಿಯನ್ನು ನಾಲ್ಕು ಕಡೆಯಿಂದ ಹಿಡಿದು ನೆಲದಿಂದ ಗೇಣುದ್ದ ಎತ್ತಿದ್ದರು. ಕುರ್ಚಿ ಒಂದು ಕಡೆ ವಾಲಿತು. ಮಡಿಲಲ್ಲಿದ್ದ ಕೈಚೀಲ ಜಾರಿ ಕೆಳಗೆ ಬಿತ್ತು.

"ಕಿವಿ ಕೇಳಿಸಲ್ವಾ? ಇಳಿಸಿ ನನ್ನ."

ಇಳಿಸಿದರು. ಅವಳು ಎರಡೂ ಗಾಲಿಗೆ ಬ್ರೇಕು ಹಾಕಿ, ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡು ಕೂತಳು. ಎದುರಿಗೆ ಪ್ರಾರ್ಥನೆ ನಡೆಯುವ ಚಾಪೆಲಿನ ಹನ್ನೊಂದು ಕಲ್ಲಿನ ಮೆಟ್ಟಿಲು. ಮೇಲೆ, ತೆರೆದ ಬಾಗಿಲಾಚೆ, ಅವಳ ಗಂಡ ಎಲ್ಡನ್ ಸ್ಟ್ರೂಬ್ ಪೆಟ್ಟಿಗೆಯಲ್ಲಿ ಮಲಗಿದ್ದ. ನಲವತ್ತೆಂಟು ವರ್ಷದ ಸಂಸಾರ. ಗಂಡನ ಮಣ್ಣಿನ ದಿನ ಹೆಂಡತಿ ಮೂಟೆಯ ಹಾಗೆ ಒಳಗೆ ಹೋಗಬೇಕು ಅನ್ನುವುದು ನಮ್ಮೂರ ಗುಡ್ಡದ ಮೇಲಿನ ಮಿಲಿಟರಿ ಶಾಲೆಯವರು ಮಾಡಿದ ಏರ್ಪಾಟು.

ಶಾಲೆಯ ಮುಖ್ಯಸ್ಥರಾದ ಕರ್ನಲ್ ಪ್ರೆಂಟಿಸ್ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದರು. ಪಕ್ಕದಲ್ಲಿ ಶಾಲೆಯ ಫೋಟೋಗ್ರಾಫರ್.

"ಒಂದೇ ನಿಮಿಷದ ಕೆಲಸ ನಡೀನ್," ಅಂದರು. "ನಮ್ಮ ಹುಡುಗರು ಹೂವಿನ ಹಾಗೆ ಎತ್ಕೊಂಡು ಬರ್ತಾರೆ."

"ನೂರಾ ಎಂಬತ್ತು ಪೌಂಡಿನ ಹೂವು ಎಲ್ಲಿ ನೋಡಿದ್ರಿ ಕರ್ನಲ್?"

ನಡೀನಳ ತಂಗಿ ಫ್ಲೋರಿನ್ ಬಗ್ಗಿ ಕೈಚೀಲ ಎತ್ತಿಕೊಂಡಳು. ಅವಳ ಬಾಯಿಗೆ ಊರೇ ಹೆದರುತ್ತದೆ. "ಮೊದಲು ಆ ಕ್ಯಾಮೆರಾದವನನ್ನ ಒಳಗೆ ಕಳಿಸಿ. ನಮ್ಮಕ್ಕನ್ನ ಎತ್ತಾಡೋದನ್ನ ನಿಮ್ಮ ಪುಸ್ತಕದಲ್ಲಿ ಹಾಕ್ಕೊಳ್ಳೋ ಆಸೆ ಇದ್ರೆ ಇಲ್ಲೇ ಬಿಟ್ಬಿಡಿ," ಅಂದಳು.

ಕೈಗವಸಿನ ಹುಡುಗರು ಮುಖ ಕೆಂಪಗೆ ಮಾಡಿಕೊಂಡು ನಿಂತರು. ಅವರದೇನೂ ತಪ್ಪಿಲ್ಲ. ಅವರು ತಮ್ಮ ಕಡ್ಡಾಯ ಊರಸೇವೆಯ ಗಂಟೆಗಳನ್ನು ಕ್ರೀಡಾಂಗಣದಲ್ಲಿ ಕಾರು ನಿಲ್ಲಿಸುವ ಜಾಗ ತೋರಿಸುತ್ತ ಮುಗಿಸಿದವರು. ಎಲ್ಡನ್‌ನ ಕೈಕೆಳಗೆ ಒಂದು ಶನಿವಾರ ಕಳೆದಿದ್ದರೂ ಆ ಕುರ್ಚಿಯನ್ನು ಮುಟ್ಟುತ್ತಿರಲಿಲ್ಲ.

* * *

ಎಲ್ಡನ್ ಮೂವತ್ತೊಂದು ವರ್ಷ ನಮ್ಮೂರಿನ ನೀರಿನ ಮೀಟರು ಓದಿದವನು. ಮೀಟರು ಓದುವವನಿಗೆ ಎಲ್ಲರ ಹಿತ್ತಿಲೂ ಗೊತ್ತು. ಯಾರ ಮನೆ ನಾಯಿ ಕಚ್ಚುತ್ತದೆ, ಯಾರ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ, ಯಾರು ಜಗಲಿಯ ನಾಲ್ಕು ಮೆಟ್ಟಿಲು ಇಳಿಯಲಾರದೆ ಎರಡು ವರ್ಷದಿಂದ ಬೀದಿ ನೋಡಿಲ್ಲ, ಎಲ್ಲ ಗೊತ್ತು. ನಿವೃತ್ತನಾದ ಮೇಲೆ ಅಂಥವರ ಮನೆ ಮುಂದೆ ಗಾಲಿಕುರ್ಚಿ ಹೋಗುವಂಥ ಮರದ ಇಳಿಜಾರು ಕಟ್ಟತೊಡಗಿದ. ಒಬ್ಬನೇ ಹಲಗೆ ಹೊತ್ತು ಸೊಂಟ ಹಿಡಿದುಕೊಂಡಾಗ ಗುಡ್ಡ ಹತ್ತಿ ಶಾಲೆಯವರನ್ನು ಕೇಳಿದ. ಅಲ್ಲಿ ಪ್ರತಿ ಕೆಡೆಟ್ಟೂ ಪಾಸಾಗಬೇಕಾದರೆ ನಲವತ್ತು ಗಂಟೆ ಊರಿನ ಸೇವೆ ಮಾಡಲೇಬೇಕು. ಅವರಿಗೆ ಗಂಟೆ ಬೇಕಿತ್ತು, ಇವನಿಗೆ ಆಳು ಬೇಕಿತ್ತು.

ಮೊದಲ ಶನಿವಾರ ಆರು ಜನ ಬಂದರು. ಕೆಲಸ ಇದ್ದದ್ದು ಓಪಲ್ ಗ್ರೀಬ್ ಅನ್ನುವ ಎಂಬತ್ತಾರರ ಮುದುಕಿಯ ಮನೆಯಲ್ಲಿ. ಎಲ್ಡನ್ ಟ್ರಕ್ಕಿನಿಂದ ಹಲಗೆ ಇಳಿಸಿ ಬರುವಷ್ಟರಲ್ಲಿ ಹುಡುಗರು ಹುಮ್ಮಸ್ಸಿನಿಂದ ಅವಳನ್ನು ಕುರ್ಚಿ ಸಮೇತ ಎತ್ತಿ ಅಂಗಳಕ್ಕೆ ಇಳಿಸಿ, ಏನೋ ಸಾಧಿಸಿದವರ ಹಾಗೆ ನಗುತ್ತ ನಿಂತಿದ್ದರು. ಹೆದರಿಕೆಗೆ ಅವಳ ಬಟ್ಟೆ ಒದ್ದೆಯಾಗಿತ್ತು. ಎಲ್ಡನ್ ತನ್ನ ಕೋಟು ಬಿಚ್ಚಿ ಅವಳ ಮಡಿಲ ಮೇಲೆ ಹಾಸಿದ. ಅವಳನ್ನು ಪಕ್ಕದ ಮನೆಯಾಕೆಗೆ ಒಪ್ಪಿಸಿ, ಟ್ರಕ್ಕಿನಲ್ಲಿದ್ದ ಹಳೆಯ ಗಾಲಿಕುರ್ಚಿಯೊಂದನ್ನು ಇಳಿಸಿದ.

"ನಿಮ್ಮಲ್ಲಿ ಗಟ್ಟಿಗ ಯಾರು? ನೀನಾ? ಬಾ, ಕೂತ್ಕೋ," ಅಂದ. "ಮಿಕ್ಕೋರು ಎತ್ರಿ ಇವನನ್ನ. ಹಿಂದುಮುಂದಾಗಿ ಹತ್ತಿಸಿ. ನಗಬೇಡಿ, ಎತ್ರಿ."

ಕೂತವನು ಫುಟ್‌ಬಾಲ್ ಆಟಗಾರ. ಮೂರನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಗೆಳೆಯನ ಕಾಲರು ಹರಿಯುವ ಹಾಗೆ ಹಿಡಿದುಕೊಂಡಿದ್ದ. ಆರೂ ಜನರನ್ನು ಒಬ್ಬೊಬ್ಬರಾಗಿ ಕೂರಿಸಿ ಹತ್ತಿಸಿ ಇಳಿಸಿದ ಮೇಲೆ ಎಲ್ಡನ್ ಸುತ್ತಿಗೆ ಕೈಗೆ ಕೊಟ್ಟ.

"ಗೊತ್ತಾಯ್ತಾ? ಕೂತೋರನ್ನ ಎತ್ತಬಾರದು, ಅವರಿಗೆ ದಾರಿ ಮಾಡಿಕೊಡ್ಬೇಕು. ಒಂದಂಗುಲ ಎತ್ತರಕ್ಕೆ ಒಂದಡಿ ಉದ್ದ. ಹಲಗೆ ಉಳಿಸೋಕೆ ಹೋಗಿ ಕಡಿದಾಗಿ ಕಟ್ಟಿದ್ರೆ ಮಕ್ಕಳು ಜಾರಾಡ್ತಾವೆ, ಮುದುಕರು ಸಾಯ್ತಾರೆ."

ಅಲ್ಲಿಂದ ಪ್ರತಿ ಸೆಪ್ಟೆಂಬರಿನಲ್ಲಿ ಹೊಸದಾಗಿ ಬಂದವರಿಗೆಲ್ಲ ಕುರ್ಚಿಯೇ ಮೊದಲ ಪಾಠವಾಯಿತು. ಹದಿನೇಳು ವರ್ಷ, ಎಂಬತ್ತಮೂರು ಮನೆ. ನಡುವೆ ನಡೀನಳ ಕಾಲುಗಳು ಸೋತವು. ಆಗ ಒಂದನ್ನು ಅವನು ತನ್ನ ಮನೆ ಮುಂದೆಯೇ ಕಟ್ಟಿಕೊಂಡ.

* * *

ಚಾಪೆಲಿನ ಮುಂದೆ ಚಳಿಗಾಳಿ ಬೀಸುತ್ತಿತ್ತು. ಒಳಗೆ ಆರ್ಗನ್ ನುಡಿಸುವಾಕೆ ಅದೇ ಹಾಡನ್ನು ಮೂರನೆಯ ಸಲ ಶುರು ಮಾಡಿದಳು. ಎಲ್ಡನ್ ಜೊತೆ ನೀರಿನ ಇಲಾಖೆಯಲ್ಲಿದ್ದ ಡೆನ್ವಿಲ್ ಹೊರಗೆ ಬಂದು ನೋಡಿ, ಟೋಪಿ ತಿರುಗಿಸುತ್ತ ನಿಂತ.

"ಅಡುಗೆಮನೆ ಕಡೆ ಒಂದು ಬಾಗಿಲಿದೆಯಲ್ಲ ನಡೀನ್?"

"ಅಲ್ಲೂ ಮೂರು ಮೆಟ್ಟಿಲಿದಾವೆ, ಜೊತೆಗೆ ಕಸದ ಡಬ್ಬಿ," ಅಂದಳು ಫ್ಲೋರಿನ್. "ನೀನು ನಿನ್ನ ಹೆಂಡತಿ ಮಣ್ಣಿಗೆ ಆ ಕಡೆಯಿಂದ ಹೋಗು ಡೆನ್ವಿಲ್."

"ನಾನೇನೋ ಒಳ್ಳೇದಕ್ಕೆ ಹೇಳಿದೆ ಮಾರಾಯ್ತಿ."

"ಎಲ್ಲರೂ ಒಳ್ಳೇದಕ್ಕೇ ಹೇಳೋದು ಇವತ್ತು."

ಕರ್ನಲ್ ಗಡಿಯಾರ ನೋಡಿಕೊಂಡರು. ಒಳಗೆ ಮುನ್ನೂರು ಜನ ಕಾಯುತ್ತಿದ್ದರು, ಅವರಲ್ಲಿ ಶಾಲೆಗೆ ದೊಡ್ಡ ದೇಣಿಗೆ ಕೊಡುವವರೂ ಇದ್ದರು. "ನಡೀನ್, ಹೀಗೆ ಮಾಡೋಣ. ಬಾಗಿಲ ಹತ್ರ ಒಂದು ಸ್ಪೀಕರ್ ಇಡಿಸ್ತೀನಿ. ನೀವು ಕಾರಲ್ಲಿ ಬೆಚ್ಚಗೆ ಕೂತು ಪ್ರತಿಯೊಂದು ಮಾತೂ ಕೇಳಿಸ್ಕೋಬಹುದು."

"ಆರು ವರ್ಷ ಕೇಳಿಸ್ಕೊಂಡಿದೀನಿ," ಅಂದಳು ನಡೀನ್. "ಇವತ್ತು ನನ್ನ ಗಂಡನ್ನ ಮುಟ್ಬೇಕು. ಮಣ್ಣು ಹಾಕೋಕೆ ಮುಂಚೆ ಅವನ ಪಕ್ಕ ಕೂರಬೇಕು, ಅದೂ ನನ್ನ ಗಾಲಿ ಮೇಲೆ. ಬೇರೇನೂ ಕೇಳ್ತಾ ಇಲ್ಲ ನಾನು."

* * *

ನಮ್ಮ ಮೆಥಡಿಸ್ಟ್ ಚರ್ಚಿನ ಸೂರು ಕುಸಿದು ಆರು ವರ್ಷವಾಯಿತು. ಆಗಿನಿಂದ ಭಾನುವಾರದ ಪ್ರಾರ್ಥನೆ ಶಾಲೆಯ ಚಾಪೆಲಿನಲ್ಲಿ. ಮೊದಲ ಭಾನುವಾರ ಎಲ್ಡನ್ ಹೆಂಡತಿಯನ್ನು ಕರೆದುಕೊಂಡು ಬಂದು, ಮೆಟ್ಟಿಲು ಎಣಿಸಿ, ಟ್ರಕ್ಕಿಗೆ ವಾಪಸಾದ. ಇಬ್ಬರೂ ಗಾಜು ಇಳಿಸಿಕೊಂಡು ಟ್ರಕ್ಕಿನಲ್ಲೇ ಕೂತರು. ದೂರದಿಂದ ಕೇಳಿದ ಹಾಡಿಗೆ ದನಿಗೂಡಿಸಿದರು. ಉಪದೇಶ ಮಾತ್ರ ಕೇಳಿಸಲಿಲ್ಲ. ಅದೊಂದು ಪುಣ್ಯ ಅಂತ ಎಲ್ಡನ್ ತಮಾಷೆ ಮಾಡಿದ.

ಆ ವಾರವೇ ನಕ್ಷೆ ಬರೆದ. ಮೆಟ್ಟಿಲಿಗೆ ಏಳಂಗುಲದಂತೆ ಎಪ್ಪತ್ತೇಳು ಅಂಗುಲ, ಅಂದರೆ ಎಪ್ಪತ್ತೇಳು ಅಡಿ ಇಳಿಜಾರು, ಎರಡು ಕಡೆ ತಿರುವು. ಹಲಗೆ ನನ್ನದು, ಕೆಲಸ ನಿಮ್ಮದೇ ಮಕ್ಕಳದು ಅಂದ. ಕರ್ನಲ್ ಕಾಫಿ ಕೊಟ್ಟು ಕೂರಿಸಿ, ಚಾಪೆಲಿನ ಮುಖ ನೂರ ಹತ್ತು ವರ್ಷದಿಂದ ಹೀಗೇ ಇದೆ, ಶಾಲೆಯ ಪತ್ರದ ಮೇಲೆ, ಪಾಸಾದವರು ಹಾಕಿಕೊಳ್ಳುವ ಉಂಗುರದ ಮೇಲೆ ಅದೇ ಚಿತ್ರ, ಅದಕ್ಕೆ ಮರದ ಹಲಗೆ ಹೊಡೆದರೆ ಹಳೆಯ ವಿದ್ಯಾರ್ಥಿಗಳು ಬೇಜಾರು ಮಾಡಿಕೊಳ್ಳುತ್ತಾರೆ ಅಂದರು. ಮಾರನೆಯ ತಿಂಗಳು ಶಾಲೆಯ ಹೊಸ ಪುಸ್ತಿಕೆ ಬಂತು. ರಕ್ಷಾಪುಟದಲ್ಲಿ ಓಪಲ್ ಗ್ರೀಬ್‌ಳ ಇಳಿಜಾರಿನ ಮೇಲೆ ಎಲ್ಡನ್ ಮತ್ತು ಕೆಡೆಟ್ಟುಗಳು. ಕೆಳಗೆ 'ನಾವು ದಾರಿ ಕಟ್ಟುತ್ತೇವೆ' ಅನ್ನುವ ಸಾಲು. ನಾಚಿಕೆ ಇಲ್ಲದವರು.

ಎಲ್ಡನ್ ಅದನ್ನು ಒಲೆಗೆ ಹಾಕಿದ. "ಇನ್ನು ಆ ಹಾಳು ಗುಡ್ಡ ಹತ್ತಲ್ಲ ನಾನು," ಅಂದ. ಶನಿವಾರ ಬೆಳಿಗ್ಗೆ ಏಳಕ್ಕೆ ಎಂಟು ಮಕ್ಕಳು ಅವನ ಮನೆಯ ಮುಂದೆ ಬಂದು ನಿಂತರು.

"ವಾಪಸ್ ಕಳಿಸು ಅವರನ್ನ," ಅಂದಳು ನಡೀನ್.

"ಅವರೇನು ಮಾಡಿದ್ರು, ಪಾಪ," ಅಂದು ಬೂಟು ಹಾಕಿಕೊಂಡು ಹೊರಟ. ಆವತ್ತು ಗಂಡನ ಮೇಲೆ ಅವಳಿಗೆ ಬಂದ ಸಿಟ್ಟು ಒಂದು ವಾರ ಇಳಿಯಲಿಲ್ಲ. ಭಾನುವಾರಗಳಲ್ಲಿ ಟ್ರಕ್ಕು ಮತ್ತೆ ಗುಡ್ಡ ಹತ್ತಿತು, ಆರು ವರ್ಷ ಇಬ್ಬರೂ ಅದರಲ್ಲೇ ಕೂತು ಪ್ರಾರ್ಥನೆ ಕೇಳಿದರು. ಹೋದ ಶನಿವಾರ ಅವನು ಯಾರದೋ ಜಗಲಿಯ ಮುಂದೆ ಹಲಗೆಗೆ ಸ್ಕ್ರೂ ಬಿಗಿಯುತ್ತಿದ್ದವನು ಹಾಗೇ ಮುಂದಕ್ಕೆ ಬಾಗಿದ. ಆಂಬ್ಯುಲೆನ್ಸ್ ಬರುವ ತನಕ ಅವನ ಎದೆ ಒತ್ತಿದವಳು ಮರಿಸೋಲ್ ಒಸೆಗೇರಾ ಅನ್ನುವ ಕೆಡೆಟ್. ಟೆಕ್ಸಸ್ಸಿನ ಹುಡುಗಿ, ಕೊನೆಯ ವರ್ಷ. ಅವಳ ನಲವತ್ತು ಗಂಟೆ ಮುಗಿದು ಮೂರು ವರ್ಷವಾಗಿತ್ತು.

* * *

ಪೆಟ್ಟಿಗೆ ಹೊರುವ ಆರು ಜನರಲ್ಲಿ ಮರಿಸೋಲಳೂ ಇದ್ದಳು. ಆರೂ ಎಲ್ಡನ್‌ನ ಶನಿವಾರದ ಮಕ್ಕಳು. ಹೊತ್ತಾಯಿತೆಂದು ಅವಳು ಬಾಗಿಲಿಗೆ ಬಂದು ನೋಡಿದಳು. ಕುರ್ಚಿ, ಕೈಗವಸಿನ ಹುಡುಗರು, ಮೇಲೆ ಕರ್ನಲ್. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಇವರು ನಿಮ್ಮನ್ನ ಎತ್ತಿದ್ರಾ?" ಅಂದಳು.

"ಎತ್ತೋಕೆ ನೋಡಿದ್ರು," ಅಂದಳು ನಡೀನ್. "ಮರಿಸೋಲ್, ನನ್ನ ಗಂಡನ್ನ ಹೊರಗೆ ಕರ್ಕೊಂಡು ಬಾ."

"ಕೆಡೆಟ್ ಒಸೆಗೇರಾ, ಒಳಗೆ ಹೋಗಿ ನಿನ್ನ ಜಾಗದಲ್ಲಿ ನಿಲ್ಲು," ಅಂದರು ಕರ್ನಲ್.

"ಹೌದು ಸರ್," ಅಂದು ಅವಳು ಒಳಗೆ ಹೋದಳು.

ಫ್ಲೋರಿನ್ ಉಸಿರುಬಿಟ್ಟಳು. "ಇನ್ನೇನು ಮಾಡ್ತಾಳೆ ಬಿಡು. ಮೇ ತಿಂಗಳಲ್ಲಿ ಪಾಸಾಗ್ಬೇಕು ಅವಳು."

ನಡೀನ್ ಬಾಗಿಲ ಕಡೆಯೇ ನೋಡಿದಳು. ಅವಳ ಕಣ್ಣು ಮೊದಲ ಸಲ ತುಂಬಿಕೊಂಡಿತು. ಒಳಗೆ ಆರ್ಗನ್ ಅರ್ಧಕ್ಕೆ ನಿಂತಿತು. ಜನ ಎದ್ದ ಸದ್ದು, ಬೆಂಚು ಸರಿದ ಸದ್ದು. ಗಾಲಿಯ ತಳ್ಳುಬಂಡಿಯ ಮೇಲೆ ಪೆಟ್ಟಿಗೆ ಬಾಗಿಲಿಗೆ ಬಂತು, ಎರಡು ಕಡೆ ಮೂರು ಮೂರು ಜನ.

"ಯಾರ ಅಪ್ಪಣೆ ಇದು?" ಅಂದರು ಕರ್ನಲ್.

ಆ ಶಾಲೆಯಲ್ಲಿ ಅಧಿಕಾರಿಯ ಪ್ರಶ್ನೆಗೆ ಕೆಡೆಟ್ಟಿಗೆ ಇರುವುದು ಮೂರೇ ಉತ್ತರ. ಹೌದು ಸರ್, ಇಲ್ಲ ಸರ್, ನೆಪವಿಲ್ಲ ಸರ್. ಮೂರನೆಯದನ್ನು ಹೇಳಿದರೆ ತಪ್ಪು ತಲೆ ಮೇಲೆ ಹೊತ್ತುಕೊಂಡ ಹಾಗೆ, ಶಿಕ್ಷೆ ಬಂದೇ ಬರುತ್ತದೆ.

"ನೆಪವಿಲ್ಲ ಸರ್," ಅಂದಳು ಮರಿಸೋಲ್.

"ನಾನು ಕೇಳಿದ್ದು ಯಾರ ಅಪ್ಪಣೆ ಅಂತ."

"ನೆಪವಿಲ್ಲ ಸರ್," ಅಂದರು ಉಳಿದ ಐವರು, ಒಟ್ಟಿಗೆ.

ತಳ್ಳುಬಂಡಿ ಮೆಟ್ಟಿಲಿಳಿಯುವಂತಿರಲಿಲ್ಲ. ಅದನ್ನು ಅಲ್ಲೇ ಬಿಟ್ಟು ಆರೂ ಜನ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡರು. ಮುಂದಿನವರು ಅದನ್ನು ಭುಜದ ಮಟ್ಟಕ್ಕೆ ಎತ್ತಿ, ಹಿಂದಿನವರು ಮೊಣಕಾಲ ಮಟ್ಟಕ್ಕೆ ತಗ್ಗಿಸಿ, ಅದು ಒಂದಿಷ್ಟೂ ವಾಲದ ಹಾಗೆ ಒಂದೊಂದೇ ಮೆಟ್ಟಿಲು ಇಳಿದರು. ಹಿಂದಿನಿಂದ ಜನ ಇಳಿದರು. ಡೆನ್ವಿಲ್, ಆರ್ಗನ್‌ನಾಕೆ, ದೇಣಿಗೆ ಕೊಡುವವರು, ನಿಲುವಂಗಿಯ ಮೇಲೆ ಕೋಟು ಹಾಕಿಕೊಂಡ ಪಾದ್ರಿ ಹಾಲಿಸ್, ಎಲ್ಲರೂ ಬಂದು ಗಾಳಿಯಲ್ಲಿ ನಿಂತರು.

"ಎಲ್ಲಿಡೋದು ಇದನ್ನ?" ಅಂದರು ಪಾದ್ರಿ. "ಕೆಳಗೆ ನೆಲದ ಮೇಲಾ?"

"ಇಡಲ್ಲ," ಅಂದಳು ಮರಿಸೋಲ್. "ಹಿಡ್ಕೋತೀವಿ."

ಹಿಡಿದುಕೊಂಡರು. ಕುರ್ಚಿಯ ಕೈಗೆ ಸಮನಾಗಿ ತಗ್ಗಿಸಿದ್ದರಿಂದ ಎತ್ತರದ ಹುಡುಗರು ಮಂಡಿ ಬಗ್ಗಿಸಿ ನಿಲ್ಲಬೇಕಾಯಿತು. ಅವರ ತೋಳು ಆಗಲೇ ನಡುಗುತ್ತಿತ್ತು. ನಡೀನ್ ಬ್ರೇಕು ಬಿಡಿಸಿ, ತಾನೇ ಗಾಲಿ ತಿರುಗಿಸಿಕೊಂಡು ಪಕ್ಕಕ್ಕೆ ಬಂದು, ಮರದ ಮೇಲೆ ಅಂಗೈ ಇಟ್ಟಳು.

"ಸಣ್ಣದಾಗಿ ಮುಗಿಸಿ ಪಾದ್ರಿಗಳೇ," ಅಂದಳು. "ಮಕ್ಕಳಿಗೆ ಕೈ ಸೋಲುತ್ತೆ."

ಪಾದ್ರಿ ಪುಸ್ತಕ ತೆರೆದರು. ಆಗ ಮೇಲಿಂದ ಗಡಗಡ ಸದ್ದು ಕೇಳಿತು. ಖಾಲಿ ತಳ್ಳುಬಂಡಿ ಗಾಳಿಗೆ ತಾನಾಗೇ ಉರುಳಿ ಮೆಟ್ಟಿಲ ಅಂಚಿಗೆ ಬಂದಿತ್ತು. ಕರ್ನಲ್ ನುಗ್ಗಿ ಅದನ್ನು ಹಿಡಿದುಕೊಂಡರು. ಹಿಂದಕ್ಕೆ ಎಳೆಯಲು ನೋಡಿದರು, ಮುಂದಿನ ಗಾಲಿ ಆಗಲೇ ಅಂಚು ದಾಟಿ ಸಿಕ್ಕಿಕೊಂಡಿತ್ತು. ಬಿಟ್ಟರೆ ಅದು ಜನರ ಮೇಲೆ ಉರುಳುತ್ತಿತ್ತು.

"ಯಾರಾದ್ರೂ ಬನ್ನಿ ಇಲ್ಲಿ," ಅಂದರು.

ಕೈಗವಸಿನ ನಾಲ್ಕು ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಕೈಗವಸು ಕಳಚಿ ಜೇಬಿಗೆ ಹಾಕಿಕೊಂಡು ಬಂದು, ನಡುಗುತ್ತಿದ್ದ ತೋಳುಗಳ ನಡುವೆ ಜಾಗ ಮಾಡಿಕೊಂಡು ಪೆಟ್ಟಿಗೆಯ ಅಡಿಗೆ ಕೈ ಕೊಟ್ಟರು. ಪಾದ್ರಿ ಓದತೊಡಗಿದರು. ಹನ್ನೊಂದು ಮೆಟ್ಟಿಲ ಮೇಲೆ ಕರ್ನಲ್ ಪ್ರೆಂಟಿಸ್ ಒಬ್ಬರೇ, ಗಾಲಿಯ ಬಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಇಳಿಯಲೂ ಆಗದೆ ಬಿಡಲೂ ಆಗದೆ ಬಗ್ಗಿ ನಿಂತಿದ್ದರು.