ಆ ಹೊಲಿಗೆ ಮಷೀನು ಯಾರದು?

ಮಧ್ಯಾಹ್ನ ಒಂದು ಗಂಟೆಗೆ ಅತ್ತೆಯ ಚಾಕು ಹುರುಳಿಕಾಯಿಯ ಮೇಲೆ ಹಾಗೇ ನಿಂತುಬಿಟ್ಟಿತು.

ಕಪಾಟಿನ ಮೇಲಿನ ರೇಡಿಯೋದಲ್ಲಿ ಒಬ್ಬ ಹೆಂಗಸು ಮಾತಾಡುತ್ತಿದ್ದಳು. ಗುರುತು ಸಿಗಬಾರದೆಂದು ದನಿಯನ್ನು ದಪ್ಪ ಮಾಡಿದ್ದರು. “ಹನ್ನೊಂದು ವರ್ಷದಿಂದ ನನಗೆ ಎಚ್‌ಐವಿ ಇದೆ. ದಿನಾ ಮಾತ್ರೆ ತಗೋತೀನಿ, ದಿನಾ ಕೆಲಸ ಮಾಡ್ತೀನಿ. ನನ್ನ ಮಗಳಿಗೆ ಸೋಂಕಿಲ್ಲ. ನನ್ನ ಕಥೆ ಇವತ್ತು ಸಂಜೆ ಐದಕ್ಕೆ ಕೇಳಿ.” ಅರ್ಧ ನಿಮಿಷದ ಪ್ರಕಟಣೆ, ಅಷ್ಟೇ.

ಅದನ್ನು ರೆಕಾರ್ಡ್ ಮಾಡಿದ ಸೊಸೆ ಅಲ್ಲೇ ಕೂತು ಊಟ ಮಾಡುತ್ತಿದ್ದಳು. ಸಮುದಾಯ ರೇಡಿಯೋದಲ್ಲಿ ಆರೋಗ್ಯದ ಕಾರ್ಯಕ್ರಮ ನಡೆಸುವವಳು. ಬೀದಿಯವರು ಅವಳ ಹೆಸರನ್ನು ಎಂದೋ ಮರೆತು ಮೈಕಮ್ಮ ಎಂದು ಕರೆಯುತ್ತಿದ್ದರು. ಅವಳೂ ಓಗೊಡುತ್ತಿದ್ದಳು.

“ದನಿ ಯಾರದೋ ಗೊತ್ತಾಗ್ಲಿಲ್ಲ,” ಎಂದರು ಅತ್ತೆ. “ಆದ್ರೆ ಹಿಂದೆ ಮಷೀನು ಓಡ್ತಿತ್ತಲ್ಲ? ಮೂರು ಸಲ ಕಟಕಟ, ಆಮೇಲೆ ಒಂದು ಕೀಂಯ್. ಅದು ನಮ್ಮ ಟೈಲರಮ್ಮನ ಮಷೀನು.”

ಮೈಕಮ್ಮ ಕೈಲಿದ್ದ ತುತ್ತನ್ನು ತಟ್ಟೆಗೇ ಹಾಕಿದಳು. ದನಿ ಬದಲಾಯಿಸಲು ಇಡೀ ದಿನ ತಲೆ ಕೆಡಿಸಿಕೊಂಡಿದ್ದಳು. ಹೆಸರು ತೆಗೆದಿದ್ದಳು, ಬೀದಿ ತೆಗೆದಿದ್ದಳು. ಟೈಲರಮ್ಮ ಕೈಕೆಲಸ ಬಿಡದೆ ಹೊಲಿಯುತ್ತಲೇ ಮಾತಾಡಿದ್ದಳು. ಆ ಸದ್ದು ಇದ್ದರೆ ಚೆನ್ನ, ದುಡಿಯುವ ಮನೆ ಕಣ್ಣಿಗೆ ಕಟ್ಟುತ್ತದೆ ಎಂದು ಮೈಕಮ್ಮ ಬೇಕೆಂದೇ ಉಳಿಸಿಕೊಂಡಿದ್ದಳು. ದನಿ ದಪ್ಪ ಮಾಡಿದರೆ ಮಷೀನಿನ ಸದ್ದೂ ದಪ್ಪವಾಗುತ್ತದೆ. ಅದರ ತಾಳ ಮಾತ್ರ ಹಾಗೇ ಇರುತ್ತದೆ. ಅಷ್ಟು ಚುರುಕು ಕಿವಿಯ ಅತ್ತೆ ಮನೆಯಲ್ಲಿದ್ದೂ ಅವಳಿಗೆ ಇದು ಹೊಳೆಯಲಿಲ್ಲ!

ಅತ್ತೆ ಆಗಲೇ ಹಿತ್ತಲಿಗೆ ಹೋಗಿ, ಒಣಗಲು ಹಾಕಿದ್ದ, ಟೈಲರಮ್ಮ ಹೊಲಿದುಕೊಟ್ಟ ಮೊಮ್ಮಗಳ ಹೊಸ ಫ್ರಾಕನ್ನು ಕೋಲಿನ ತುದಿಯಿಂದ ಎತ್ತಿ ಮೂಲೆಗೆ ಎಸೆದಿದ್ದರು.

“ನಿನ್ನೆ ತಾನೆ ಮಗು ಇದನ್ನ ತೊಟ್ಟಿದ್ಲು! ಹೊಲಿಯೋವಾಗ ಸೂಜಿ ಚುಚ್ಚಿ ಬಟ್ಟೆಗೆ ರಕ್ತ ತಗುಲಿದ್ರೆ ಗತಿ ಏನು?”

“ಅತ್ತೆ, ಅದು ಯಾರು ಅಂತ ನಾನು ಹೌದೂ ಅನ್ನಲ್ಲ, ಅಲ್ಲಾನೂ ಅನ್ನಲ್ಲ. ಮಾತು ಕೊಟ್ಟಿದ್ದೀನಿ.”

“ನೀನು ಹೇಳೋದೇ ಬೇಡ, ನನ್ನ ಕಿವಿ ಹೇಳ್ತು. ನಾಲ್ಕು ಜನಕ್ಕೆ ಹೇಳ್ತೀನಿ. ಎಲ್ಲರ ಮನೇಲೂ ಮಕ್ಕಳಿದ್ದಾರೆ.”

ಅತ್ತೆಯ ನಾಲ್ಕು ಜನ ಎಂದರೆ ನಲ್ಲಿಯ ಹತ್ತಿರದ ಸಾಲು, ಅಂದರೆ ಇಡೀ ಬೀದಿ. ಟೈಲರಮ್ಮನ ಹೊಟ್ಟೆಪಾಡು ನಡೆಯುವುದು ಶಾಲೆಯ ಸಮವಸ್ತ್ರಗಳಿಂದ. ಹಿಂದೆ ಇದ್ದ ಊರಿನಲ್ಲಿ ವಿಷಯ ತಿಳಿದ ದಿನವೇ ಜನ ಬಟ್ಟೆಗಳನ್ನು ಅವಳ ಬಾಗಿಲಿಗೆ ಎಸೆದು ಹೋಗಿದ್ದರು. ಅದು ಮೈಕಮ್ಮನಿಗೆ ಗೊತ್ತಿತ್ತು.

“ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಐದು ಗಂಟೆವರೆಗೂ ಯಾರಿಗೂ ಹೇಳ್ಬೇಡಿ. ಸ್ಟುಡಿಯೋಗೆ ನರ್ಸಮ್ಮ ಬರ್ತಾರೆ. ನೀವೂ ಬಂದು ಅವರನ್ನೇ ಕೇಳಿ.”

“ಬರ್ತೀನಿ,” ಎಂದರು ಅತ್ತೆ. “ಎಲ್ಲರಿಗೂ ಕೇಳಿಸೋ ಹಾಗೇ ಕೇಳ್ತೀನಿ.”

ಈ ಮಾತು ಕೇಳಿ ಮೈಕಮ್ಮನಿಗೆ ಧೈರ್ಯ ಬರಲಿಲ್ಲ, ಇದ್ದ ಧೈರ್ಯವೂ ಹೋಯಿತು. ಆದರೂ ಮೊದಲು ಸ್ಟುಡಿಯೋಗೆ ಫೋನ್ ಮಾಡಿ ಪ್ರಕಟಣೆ ನಿಲ್ಲಿಸಲು ಹೇಳಿದಳು. ಆಮೇಲೆ ಟೈಲರಮ್ಮನ ಮನೆಗೆ ಓಡಿದಳು.

ಟೈಲರಮ್ಮ ಕಾಲರು ಹೊಲಿಯುತ್ತಿದ್ದಳು. ಮೈಕಮ್ಮ ಬಾಗಿಲು ಮುಂದಕ್ಕೆ ಹಾಕಿ, ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಮಷೀನು ನಿಂತಿತು. ಒಂದು ಕ್ಷಣ ಅಷ್ಟೇ, ಮತ್ತೆ ಓಡತೊಡಗಿತು.

“ಈಗ ನಿಲ್ಸಿದ್ರೆ ಬೀದಿಯೋರಿಗೆ ಅನುಮಾನ ಬರುತ್ತೆ,” ಎಂದಳು ಟೈಲರಮ್ಮ, ಕಾಲು ತುಳಿಯುತ್ತಲೇ. ಕಣ್ಣು ತುಂಬಿತ್ತು. “ದನಿ ಬದಲಾಯಿಸ್ತೀನಿ ಅಂದ್ರಿ, ನಂಬಿದೆ. ಇದರ ಸದ್ದು ನಿಮ್ಮ ಕಿವಿಗೆ ಬೀಳ್ಲಿಲ್ವಾ?”

“ತಪ್ಪು ನಂದೇ ಅಕ್ಕ. ಕಾರ್ಯಕ್ರಮಾನೇ ನಿಲ್ಲಿಸಿಬಿಡ್ಲಾ?”

ಟೈಲರಮ್ಮ ಕಾಲರು ಮುಗಿಸಿ ದಾರ ಕತ್ತರಿಸಿದಳು.

“ಬೇಡ. ನನ್ನ ಗಂಡ ರಕ್ತ ಪರೀಕ್ಷೆಗೆ ಹೆದರಿ ಹೆದರಿ ಕೊನೆಗೆ ತೀರಿಹೋದ. ಹಾಗೆ ಹೆದರಿ ಕೂತಿರೋರು ಇನ್ನೂ ಎಷ್ಟು ಜನ ಇದ್ದಾರೋ. ಮಷೀನಿನ ಸದ್ದು ತೆಗೀರಿ, ಮಾತು ಹಾಗೇ ಇರ್ಲಿ.”

ಮಾತಿಗೆ ಅಂಟಿಕೊಂಡ ಸದ್ದನ್ನು ಬಿಡಿಸಲು ಸ್ಟುಡಿಯೋದಲ್ಲಿ ಆಗಲಿಲ್ಲ. ಕೊನೆಗೆ ಟೈಲರಮ್ಮನ ಮಾತುಗಳನ್ನು ಕಾಗದದ ಮೇಲೆ ಬರೆದುಕೊಂಡು, ಐದು ಗಂಟೆಗೆ ಮೈಕಮ್ಮ ತಾನೇ ಓದಿದಳು. ಪುಟ್ಟ ಕೋಣೆ, ಗೋಡೆಗೆ ಹಳೆಯ ಕಂಬಳಿ, ಮೇಜಿನ ಮೇಲೆ ಎರಡು ಮೈಕು. ಎದುರಿಗೆ ನರ್ಸಮ್ಮ, ಪಕ್ಕದಲ್ಲಿ ಅತ್ತೆ. ಅತ್ತೆ ಬಾಯಿ ತೆರೆದಾಗ ಮೈಕಮ್ಮನ ಬೆರಳು ಮೈಕಿನ ಗುಂಡಿಯ ಮೇಲೆ ಸಿದ್ಧವಾಗಿತ್ತು. ಹೆಸರೊಂದು ಹೊರಬಿದ್ದರೆ ಮುಗಿಯಿತು.

“ನರ್ಸಮ್ಮ, ಈ ಕಾಯಿಲೆಯೋರು ಹೊಲಿದ ಬಟ್ಟೆ ತೊಟ್ರೆ ಬರುತ್ತಾ? ಸೂಜಿ ಚುಚ್ಚಿ ರಕ್ತ ತಗುಲಿರುತ್ತಲ್ಲ?”

“ಬರಲ್ಲ ಅಮ್ಮ. ಬಟ್ಟೆ ತೊಟ್ಟು ಯಾರಿಗೂ ಎಚ್‌ಐವಿ ಬರಲ್ಲ. ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕದಿಂದ ಬರುತ್ತೆ. ಸೋಂಕಿರೋ ರಕ್ತ ಏರಿಸಿದ್ರೆ, ಒಬ್ಬರಿಗೆ ಚುಚ್ಚಿದ ಇಂಜೆಕ್ಷನ್ ಸೂಜಿ ಇನ್ನೊಬ್ಬರಿಗೆ ಚುಚ್ಚಿದ್ರೆ ಬರುತ್ತೆ. ಚಿಕಿತ್ಸೆ ಇಲ್ದಿದ್ರೆ ತಾಯಿಯಿಂದ ಮಗುವಿಗೂ ಬರಬಹುದು. ಮಾತ್ರೆ ತಪ್ಪಿಸದೆ ತಗೊಂಡು, ರಕ್ತ ಪರೀಕ್ಷೇಲಿ ವೈರಸ್ ಕಾಣದಷ್ಟು ಇಳಿದು ಹಾಗೇ ಇದ್ರೆ, ಲೈಂಗಿಕ ಸಂಪರ್ಕದಿಂದಲೂ ಹರಡಲ್ಲ.”

“ಒಂದೇ ಲೋಟದಲ್ಲಿ ನೀರು ಕುಡಿದ್ರೆ?”

“ಬರಲ್ಲ.”

“ಊಟದ ತಟ್ಟೆಯಿಂದ?”

“ತಟ್ಟೆಯಿಂದಲೂ ಬರಲ್ಲ. ಮುಟ್ಟಿದ್ರೂ ಬರಲ್ಲ, ತಬ್ಬಿಕೊಂಡ್ರೂ ಬರಲ್ಲ.”

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

“ನನಗೊಬ್ಬ ತಂಗಿ ಇದ್ಲು. ಅವಳಿಗೂ ಇದೇ ಇತ್ತು. ನಾನು ಅವಳ ತಟ್ಟೆ ಬೇರೆ ಇಟ್ಟಿದ್ದೆ, ಕಾಲಲ್ಲಿ ನೂಕ್ತಿದ್ದೆ. ಕೊನೇ ದಿನ ಕೈ ಹಿಡ್ಕೋ ಅಕ್ಕಾ ಅಂದ್ಲು. ಹಿಡೀಲಿಲ್ಲ.” ಅವರು ನರ್ಸಮ್ಮನ ಕಡೆ ತಿರುಗಿದರು. “ಹಿಡಿದಿದ್ರೆ ನನಗೇನೂ ಆಗ್ತಿರಲಿಲ್ಲ ಅಲ್ವಾ?”

“ಏನೂ ಆಗ್ತಿರಲಿಲ್ಲ ಅಮ್ಮ. ನಿಮಗೆ ಆಗ ಯಾರೂ ತಿಳಿಸಿ ಹೇಳಿರಲಿಲ್ಲ.”

ಮೂವತ್ತು ವರ್ಷ ಈ ಸಂಕಟವನ್ನು ಅತ್ತೆ ಯಾರ ಮುಂದೆಯೂ ಆಡಿರಲಿಲ್ಲ. ಮೈಕಮ್ಮನಿಗೂ ಗೊತ್ತಿರಲಿಲ್ಲ. ಅವಳಿನ್ನೂ ಚೇತರಿಸಿಕೊಳ್ಳುವ ಮೊದಲೇ ಫೋನು ಹೊಡೆದುಕೊಂಡಿತು. ನೇರ ಪ್ರಸಾರ, ಎತ್ತಲೇಬೇಕು.

ಗಂಡಸಿನ ದನಿ. “ನಮಸ್ಕಾರ. ಮಧ್ಯಾಹ್ನ ಮಷೀನಿನ ಸದ್ದು ಕೇಳಿಸ್ತಲ್ಲ, ಕೀಂಯ್ ಅಂತ? ಎಲ್ಲೋ ಕೇಳಿದ ಹಾಗಿದೆ. ನಮ್ಮ ಬೀದೀಲೇ ಒಬ್ಬರು—”

ಮೈಕಮ್ಮ ಅವನ ದನಿಯನ್ನು ತಟ್ಟನೆ ಕೆಳಗಿಳಿಸಿದಳು. ಒಂದು ಸೆಕೆಂಡು ಹೋಯಿತು. ಎರಡು ಹೋಯಿತು. ರೇಡಿಯೋ ಮಾತು ನಿಲ್ಲಿಸಿದರೆ ಕೇಳುವವರು ಕಿವಿ ಇನ್ನಷ್ಟು ನಿಮಿರಿಸುತ್ತಾರೆ. ಏನು ಹೇಳಿದರೂ ಅನುಮಾನಕ್ಕೆ ತುಪ್ಪ ಸುರಿದಂತೆ.

ಆಗ ಅತ್ತೆ ಮೈಕಿನ ಕಡೆಗೆ ಬಾಗಿದರು.

“ಏನಪ್ಪಾ, ಆ ಮಷೀನು ಯಾರದು ಅಂತ ತಾನೇ ನಿನ್ನ ಪ್ರಶ್ನೆ? ಅದು ನಮ್ಮ ಮನೇದು. ಮೈಕಮ್ಮನ ಅತ್ತೆ ಅಂದ್ರೆ ನಾನೇ. ಇನ್ಮೇಲೆ ನಮ್ಮನೇಲಿ ನೀರು ಕುಡಿಯಲ್ವಾ? ಬಿಡು, ನೀರು ಮಿಗುತ್ತೆ.”

ನರ್ಸಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಮೈಕಮ್ಮ ಗುಂಡಿ ಹಿಡಿದಿದ್ದ ಕೈಯನ್ನು ಬಿಟ್ಟು ಅತ್ತೆಯ ಕೈ ಹಿಡಿದುಕೊಂಡಳು. ಅದು ಬೆವರಿತ್ತು. ಅತ್ತೆ ಬಿಡಿಸಿಕೊಳ್ಳಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅತ್ತೆ ಮನೆಗೆ ಹೋಗಿ ಮೂಲೆಯಲ್ಲಿದ್ದ ಫ್ರಾಕನ್ನು ಕೊಡವಿ, ಮೊಮ್ಮಗಳಿಗೆ ತಾವೇ ತೊಡಿಸಿದರು. ಆಮೇಲೆ ಮಷೀನಿಗೆ ಬಿಡುವ ಎಣ್ಣೆಯ ಸಣ್ಣ ಬಾಟಲು ಕೊಂಡು ಟೈಲರಮ್ಮನ ಬಾಗಿಲು ತಟ್ಟಿದರು.

“ಮೊದ್ಲು ಆ ಕೀಂಯ್ ನಿಲ್ಸು ತಾಯಿ,” ಎಂದರು. “ಕುಡಿಯೋಕೆ ಒಂದು ಲೋಟ ನೀರು ಕೊಡು. ಮಾತಾಡಿ ಮಾತಾಡಿ ಗಂಟಲು ಒಣಗಿದೆ.”

ಟೈಲರಮ್ಮ ತಾನು ಕುಡಿಯುವ ಲೋಟದಲ್ಲೇ ನೀರು ಕೊಟ್ಟಳು. ಅತ್ತೆ ಲೋಟ ಕಚ್ಚಿಕೊಂಡೇ ಕುಡಿದರು, ಒಂದು ಹನಿ ಉಳಿಸಲಿಲ್ಲ. ಮೈಕಮ್ಮ ಅಂದಿನಿಂದ ಯಾರ ಮಾತು ರೆಕಾರ್ಡ್ ಮಾಡಿದರೂ, ಮಾತಿನ ಹಿಂದೆ ಏನು ಕೇಳಿಸುತ್ತಿದೆ ಎಂದು ಮೊದಲು ನೋಡುತ್ತಾಳೆ.

ಈಗ ನಿಮಗೊಂದು ಮಾತು. ನಿಮಗೆ ಅನುಮಾನವಿದ್ದರೆ ಇವತ್ತೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಮನೆಯಲ್ಲಿ ಗರ್ಭಿಣಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಸೋಂಕು ಇದೆ ಎಂದು ತಿಳಿದರೆ ಮಾತ್ರೆ ಶುರು ಮಾಡಿ, ಒಂದು ದಿನವೂ ಬಿಡಬೇಡಿ. ಇನ್ನೊಬ್ಬರ ಕಾಯಿಲೆಯ ಸುದ್ದಿ ನಿಮ್ಮ ಕಿವಿಗೆ ಬಿದ್ದರೆ ಅದು ಅಲ್ಲೇ ಉಳಿಯಲಿ, ಬಾಯಿಗೆ ಬರುವುದು ಬೇಡ. ಆ ಮಷೀನು ಯಾರದು ಎಂದು ಯಾರಾದರೂ ನಿಮ್ಮನ್ನು ಕೇಳಿದರೆ, ನಮ್ಮ ಮನೆಯದು ಎಂದುಬಿಡಿ.