ಎರಡನೆಯ ಓಟ

"ಎರಡು ನಿಮಿಷ ಹತ್ತು ಸೆಕೆಂಡು!" ಎಂದು ಶ್ರೀಪತಿ ಕೂಗಿದಾಗ ಉಳ್ಳೂರ್ ಜಂಕ್ಷನ್ನಿನ ಆಟೊ ಚಾಲಕರು ಕೂಡ ಚಪ್ಪಾಳೆ ತಟ್ಟಿದರು. ಸೈರನ್ ಹಾಕಿಕೊಂಡ ಖಾಲಿ ಆಂಬುಲೆನ್ಸು ಕಿತ್ತಳೆ ಕೋನ್‌ಗಳ ನಡುವಿನ ಎಡ ಸಾಲಿನಲ್ಲಿ ನುಗ್ಗಿ ಬಂದು, ಮೆಡಿಕಲ್ ಕಾಲೇಜಿನ ರಸ್ತೆಗೆ ತಿರುಗಿ ಮರೆಯಾಗಿತ್ತು.

ಈ ಒಂದು ಸಾಲಿಗಾಗಿ ಎರಡು ವರ್ಷ ಹಿಡಿದಿತ್ತು. ನಿವಾಸಿಗಳ ಸಂಘದವರು ಪೊಲೀಸರನ್ನು ಬೈಯುವುದು, ಪೊಲೀಸರು ರಸ್ತೆ ಇಲಾಖೆಯನ್ನು ತೋರಿಸುವುದು, ಇಲಾಖೆಯವರು ಆಟೊ ಸ್ಟ್ಯಾಂಡಿನ ಮೇಲೆ ಹಾಕುವುದು, ಹೀಗೇ ನಡೆದಿತ್ತು. ಎಲ್ಲರನ್ನೂ ಒಂದೇ ಮೇಜಿನ ಮುಂದೆ ಕೂರಿಸಿದವನು ಶ್ರೀಪತಿ. ಧಾರವಾಡದವನು, ಈ ಮಲಯಾಳ ನಾಡಿನ ಬಾಹ್ಯಾಕಾಶ ಸಂಸ್ಥೆಯಲ್ಲಿ ಇಪ್ಪತ್ತಾರು ವರ್ಷದಿಂದ ಎಂಜಿನಿಯರ್. ಇವತ್ತು ಹತ್ತೂವರೆಗೆ ಪೊಲೀಸ್ ಮತ್ತು ರಸ್ತೆ ಇಲಾಖೆಯ ಮೇಲಧಿಕಾರಿಗಳು ಬಂದು ಲೆಕ್ಕ ನೋಡುವವರಿದ್ದರು. ಒಪ್ಪಿದರೆ ಆಂಬುಲೆನ್ಸಿನ ಸಾಲು ಶಾಶ್ವತ, ಇಲ್ಲದಿದ್ದರೆ ಕೋನ್‌ಗಳೆಲ್ಲ ಗೋದಾಮಿಗೆ.

ಒಂದೇ ಓಟದಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ಶ್ರೀಪತಿಯ ಹಟ. ಅದೇ ಆಂಬುಲೆನ್ಸು ಕೇಶವದಾಸಪುರದ ಪೆಟ್ರೋಲ್ ಬಂಕಿಗೆ ಹಿಂತಿರುಗಿ, ಒಂಬತ್ತೂವರೆಗೆ ಮತ್ತೆ ಹೊರಡಬೇಕು. ಈ ಸಲ ಕೋನ್ ಇರಬಾರದು, ಪೊಲೀಸರು ವಾಹನ ತಡೆಯಬಾರದು, ಸ್ವಯಂಸೇವಕರು ಕೈಕಟ್ಟಿ ನಿಲ್ಲಬೇಕು. ವ್ಯವಸ್ಥೆ ಇಲ್ಲದಿದ್ದರೆ ಎಷ್ಟು ತಡವಾಗುತ್ತದೆ ಎಂದು ಆಗಲೇ ಗೊತ್ತಾಗುವುದು.

"ಆ ಗಾಡಿಗೆ ಒಂದು ಚೀಟಿನಾರೆ ಹಚ್ಚರಿ, ಪರೀಕ್ಷಾ ಗಾಡಿ ಅಂತ," ಎಂದು ಬೆಳಿಗ್ಗೆಯೇ ಹೆಂಡತಿ ಕೌಸಲ್ಯಾ ಹೇಳಿದ್ದಳು.

"ಚೀಟಿ ನೋಡಿದ್ರ ಮಂದಿ ಬ್ಯಾರೆ ರೀತಿ ನಡಕೋತಾರ. ಲೆಕ್ಕ ಕೆಡತದ."

"ರಾಕೆಟ್ ಬಿಡೋರಿಗೆ ನಾ ಏನ್ ಹೇಳ್ಲಿ!" ಎಂದು ನಕ್ಕು, ಸೀರೆಯ ಮೇಲೆ ಸ್ವಯಂಸೇವಕರ ಹೊಳೆಯುವ ಹಸಿರು ಜಾಕೆಟ್ ತೊಟ್ಟು, ವಾಕಿಟಾಕಿ ಹಿಡಿದು, ಜಂಕ್ಷನ್ನಿಗೆ ಇನ್ನೂರು ಮೀಟರು ಹಿಂದೆ ಔಷಧಿ ಅಂಗಡಿಯ ಮುಂದೆ ಹೋಗಿ ನಿಂತಿದ್ದಳು.

ಕೋನ್‌ಗಳನ್ನು ಎತ್ತಿದ ಐದೇ ನಿಮಿಷಕ್ಕೆ ರಸ್ತೆ ಕಿಕ್ಕಿರಿಯಿತು. ಒಂಬತ್ತು ಇಪ್ಪತ್ತಾರಕ್ಕೆ ದೂರದಲ್ಲಿ ಸೈರನ್ ಕೇಳಿಸಿತು. ಚಾಲಕ ನಾಲ್ಕು ನಿಮಿಷ ಮೊದಲೇ ಹೊರಟನಲ್ಲ ಎಂದು ಶ್ರೀಪತಿಗೆ ಸಿಟ್ಟು ಬಂತು. ಆದರೂ ಸ್ಟಾಪ್‌ವಾಚ್ ಒತ್ತಿದ. ಬಿಳಿಯ ವ್ಯಾನು ಔಷಧಿ ಅಂಗಡಿಯ ಹತ್ತಿರ, ಎರಡು ಬಸ್ಸುಗಳ ಹಿಂದೆ ಸಿಕ್ಕಿಹಾಕಿಕೊಂಡಿತು. ಒಂದು ಕಾರು ದಾರಿ ಬಿಡಲು ಪಕ್ಕಕ್ಕೆ ಸರಿಯಹೋದಾಗ ಆಟೊ ಸ್ಟ್ಯಾಂಡಿನ ಅನಂತನ್ ನಗುತ್ತ, "ಮಾಕ್ ಆಣ್, ಮಾಕ್!" ಎಂದು ಕೈಬೀಸಿದ. ಇದು ಬರೀ ಅಣಕು ಓಟವಂತೆ ಎಂದು ಕಾರಿನವನೂ ಸುಮ್ಮನಾದ.

ಒಂದು ನಿಮಿಷ ಕಳೆಯಿತು. ಎರಡಾಯಿತು, ಮೂರಾಯಿತು. ಟ್ರಾಫಿಕ್ ಎಸ್.ಐ. ಮೋಹಿನಿ ಸಿಳ್ಳೆಯನ್ನು ತುಟಿಗಿಟ್ಟುಕೊಂಡು ಶ್ರೀಪತಿಯತ್ತ ನೋಡಿದಳು. ಅವನು ಬೇಡವೆಂದು ತಲೆಯಾಡಿಸಿದ.

ವಾಕಿಟಾಕಿಯಲ್ಲಿ ಕೌಸಲ್ಯಾಳ ದನಿ ಗರಗರ ಎಂದಿತು. "ಅಲ್ಲರೀ, ಇದು ನಮ್ಮ ಗಾಡಿ ಅಲ್ಲ ನೋಡ್ರಿ. ಒಳಗ ಯಾರೋ ಕಿಟಕಿ ಬಡೀಲಿಕ್ಕತ್ತಾರ."

"ನಮ್ದ ಅದ. ನೀ ಸುಮ್ನ ಟೈಮ್ ಬರಕೊ."

"ಬರಕೊಳ್ಳೂದು ಸುಡ್ಲಿ! ಮಂದಿ ಅದಾರ್ರೀ ಒಳಗ!"

ಅವನು ಉತ್ತರ ಕೊಡುವಷ್ಟರಲ್ಲಿ ಅದೇ ವಾಕಿಟಾಕಿಯಲ್ಲಿ ಇನ್ನೊಂದು ದನಿ ಬಂತು. ಬಂಕಿನಲ್ಲಿ ಕಾಯುತ್ತಿದ್ದ ಚಾಲಕನದು. ವಿನಯದಿಂದ ಕೇಳಿದ: "ಸಾರ್, ಸಮಯವಾಯಿತು. ಹೊರಡಲೇ?"

ಜೀವಮಾನದಲ್ಲಿ ಅಷ್ಟು ಭಯ ಶ್ರೀಪತಿಗೆ ಎಂದೂ ಆಗಿರಲಿಲ್ಲ. "ಮೋಹಿನೀ, ಬಿಡಿಸಿ! ನಿಜವಾದ್ದು!" ಎಂದು ಕಿರುಚಿದ. ಸಿಳ್ಳೆ ಊದುತ್ತ ಅವಳು ರಸ್ತೆಗೆ ಹಾರಿದಳು. ಅನಂತನ್ ನಗು ನುಂಗಿಕೊಂಡು ಓಡಿದ. ಅತ್ತ ಕೌಸಲ್ಯಾ ಯಾರ ಅಪ್ಪಣೆಗೂ ಕಾಯದೆ, ಸೆರಗು ಸಿಕ್ಕಿಸಿಕೊಂಡು ಬಸ್ಸಿನ ಮೈಯನ್ನು ಅಂಗೈಯಿಂದ ಬಡಿದು ಬಡಿದು ಸರಿಸುತ್ತಿದ್ದಳು. ವ್ಯಾನು ಪಕ್ಕದಲ್ಲೇ ಹಾದುಹೋದಾಗ ಕಿಟಕಿಯ ಗಾಜಿಗೆ ಒತ್ತಿದ್ದ ಒಂದು ಅಂಗೈ ಮಾತ್ರ ಶ್ರೀಪತಿಗೆ ಕಂಡಿತು.

ಅನಂತನ್‌ನ ಆಟೊದಲ್ಲಿ ಗಂಡಹೆಂಡತಿ ಇಬ್ಬರೂ ಆಸ್ಪತ್ರೆಗೆ ಧಾವಿಸಿದರು.

ತುರ್ತು ಚಿಕಿತ್ಸೆಯ ಬಾಗಿಲ ಹೊರಗೆ ಮಾಸಿದ ಅಂಗಿಯ ಒಬ್ಬ ನಿಂತಿದ್ದ. ವೆಂಞಾರಮೂಡಿನ ಕಡೆಯ ರಬ್ಬರ್ ತೋಟದ ಕೆಲಸಗಾರ. ಬೆಳಿಗ್ಗೆ ಮರಗಳ ಅಂಟುಹಾಲು ಸಂಗ್ರಹಿಸುತ್ತಿದ್ದಾಗ ಅವನ ಅಣ್ಣ ಎದೆ ಹಿಡಿದುಕೊಂಡು ಮರದ ಬುಡದಲ್ಲೇ ಕುಸಿದಿದ್ದ. ಇಬ್ಬರ ಮೈಮೇಲಿನ ಹಸಿರು ಜಾಕೆಟ್ ಕಂಡದ್ದೇ ಅವನು ಬಂದು ಶ್ರೀಪತಿಯ ಎರಡೂ ಕೈ ಹಿಡಿದುಕೊಂಡ.

"ನೀವು ದಾರಿ ಮಾಡಿಕೊಟ್ಟಿರಿ ಸಾರ್. ಆ ಜನಸಂದಣಿಯಲ್ಲಿ ನಿಮ್ಮವರು ಇಲ್ಲದಿದ್ದರೆ ನಾವು ಅಲ್ಲೇ ಉಳಿಯುತ್ತಿದ್ದೆವು."

ಅವನ ಬೆರಳುಗಳಲ್ಲಿ ರಬ್ಬರ್ ಹಾಲು ಇನ್ನೂ ಪೂರ್ತಿ ಒಣಗಿರಲಿಲ್ಲ. ಅದರ ಅಂಟು ಶ್ರೀಪತಿಯ ಕೈಗೂ ಹತ್ತಿತು.

"ಅಣ್ಣ ಹ್ಯಾಂಗಿದ್ದಾರಂತ?" ಎಂದು ಕೌಸಲ್ಯಾ ತನ್ನ ಹರಕುಮುರುಕು ಮಲಯಾಳದಲ್ಲಿ ಕೇಳಿದಳು.

"ಒಳಗೆ ಒಯ್ದಿದ್ದಾರೆ ಚೇಚಿ. ದಾರಿಯಲ್ಲಿ ಎಷ್ಟು ಹೊತ್ತಾಯಿತು ಅಂತ ಡಾಕ್ಟರು ಕೇಳಿದರು. ನನಗೆ ತಿಳಿಯಲಿಲ್ಲ."

ಶ್ರೀಪತಿಗೆ ತಿಳಿದಿತ್ತು. ಐದು ನಿಮಿಷ ಐವತ್ತು ಸೆಕೆಂಡು. ಕೌಸಲ್ಯಾ ಗಂಡನ ಮುಖವನ್ನೊಮ್ಮೆ ನೋಡಿ, "ನೀವು ಹೋಗ್ರಿ. ನಾ ಇಲ್ಲೇ ಇವರ ಹಂತೇಕ ಕೂಡ್ತೇನಿ," ಎಂದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಜಂಕ್ಷನ್ನಿನ ಪೊಲೀಸ್ ಚೌಕಿಯಲ್ಲಿ ಮೋಹಿನಿ ವರದಿಯ ಹಾಳೆ ಬಿಡಿಸಿಟ್ಟುಕೊಂಡಿದ್ದಳು. ಮೊದಲ ಓಟದ ಎದುರು ಅಂಕಿ ಇತ್ತು. ಎರಡನೆಯದರ ಎದುರು ಖಾಲಿ. ಹತ್ತೂವರೆಯಾಗಲು ಇನ್ನು ಹತ್ತೇ ನಿಮಿಷ.

"ಸಾರ್," ಎಂದು ಅವಳು ದನಿ ತಗ್ಗಿಸಿದಳು, "ಐದು ಐವತ್ತು ಅಂತ ಬರೆದುಬಿಡಿ. ಎರಡನೆಯ ಓಟ ಎಂದೇ ಇರಲಿ. ಅಂಕಿ ಸುಳ್ಳಲ್ಲವಲ್ಲ. ಎರಡು ಹತ್ತು ಎಲ್ಲಿ, ಐದು ಐವತ್ತು ಎಲ್ಲಿ? ಇದನ್ನು ನೋಡಿದರೆ ಅವರು ಇವತ್ತೇ ಸಹಿ ಹಾಕುತ್ತಾರೆ. ನಾಳೆಯಿಂದ ಯಾವ ಆಂಬುಲೆನ್ಸೂ ಇಲ್ಲಿ ನಿಲ್ಲುವುದಿಲ್ಲ."

ಅವಳು ಹೇಳಿದ್ದರಲ್ಲಿ ನ್ಯಾಯವಿತ್ತು. ಅದೇ ಕಷ್ಟ. ಶ್ರೀಪತಿ ಪೆನ್ನು ತೆಗೆದುಕೊಂಡ. ನಿಧಾನವಾಗಿ ಬರೆದ: ಎರಡನೆಯ ಓಟ ನಡೆಯಲಿಲ್ಲ. ಒಂಬತ್ತು ಇಪ್ಪತ್ತಾರಕ್ಕೆ ಬಂದದ್ದು ರೋಗಿಯಿದ್ದ ಆಂಬುಲೆನ್ಸು. ಪರೀಕ್ಷೆಯದೆಂದು ತಿಳಿದು ದಾರಿ ಬಿಡಿಸದಂತೆ ತಡೆದವನು ನಾನು. ತಗುಲಿದ ಸಮಯ ಐದು ನಿಮಿಷ ಐವತ್ತು ಸೆಕೆಂಡು.

ಮೋಹಿನಿ ಓದಿದಳು. "ಸಾರ್, ಇದನ್ನು ನೋಡಿದರೆ ಕೋನ್ ಎತ್ತಿಸಿಬಿಡುತ್ತಾರೆ."

"ಗೊತ್ತು."

ಹೊರಗೆ ಜೀಪು ಬಂದು ನಿಂತ ಸದ್ದಾಯಿತು. ಅವಳು ಟೋಪಿ ಸರಿಪಡಿಸಿಕೊಂಡು ಎದ್ದು ಹಾಳೆಗೆ ಕೈಚಾಚಿದಳು. ಶ್ರೀಪತಿ ಕೊಡಹೋದ. ಹಾಳೆ ಬೆರಳಿನಿಂದ ಬಿಡಲಿಲ್ಲ. ಆ ಮನುಷ್ಯನ ಕೈಯಿಂದ ಬಂದ ರಬ್ಬರ್ ಹಾಲು ಅವನ ಹೆಬ್ಬೆರಳಿನಲ್ಲಿ ಇನ್ನೂ ಅಂಟುತ್ತಿತ್ತು. ಹರಿಯದಂತೆ ಅವನು ಅದನ್ನು ಮೆಲ್ಲಗೆ ಬಿಡಿಸತೊಡಗಿದ.