ಕಿವಿಯ ಹಿಂದಿನ ಭಾಗ್ಯ

ಹೆಣ್ಣು ನೋಡಲು ಬಂದವರು ಹಾಡು ಕೇಳುತ್ತಾರೆ, ಉಪ್ಪಿಟ್ಟು ತಿನ್ನುತ್ತಾರೆ, ಹೋಗುತ್ತಾರೆ. ಬಸವನಗುಡಿಯ ಮೀನಾಕ್ಷಮ್ಮ ಎದ್ದು ಬಂದು ನನ್ನ ಜಡೆಯನ್ನೇ ಬಿಚ್ಚಿದರು. ಚೌರಿ ಸೇರಿಸಿ ಹೆಣೆದಿದ್ದೇವೋ ಎಂಬ ಅನುಮಾನ. ಸಂತೆಯಲ್ಲಿ ಹಸುವಿನ ಹಲ್ಲು ನೋಡುವವರಿಗೂ ಇಷ್ಟು ಧೈರ್ಯವಿರುವುದಿಲ್ಲ, ಹಸು ಒದೆಯುತ್ತದೆ.

ಕೂದಲು ನನ್ನದೇ ಎಂದು ಖಾತ್ರಿಯಾದ ಮೇಲೆ ಅವರ ಬೆರಳು ಎಡಗಿವಿಯ ಹಿಂದೆ ನಿಂತಿತು.

“ಅಯ್ಯೋ, ಇಲ್ನೋಡ್ರೀ! ಕಿವಿ ಹಿಂದೆ ಕರೀ ಮಚ್ಚೆ! ಮೆಣಸಿನ ಕಾಳಿನ ಹಾಗೆ ಉಬ್ಬಿದೆ. ಇಂಥವಳು ಕಾಲಿಟ್ಟ ಮನೇಲಿ ಗಂಡನಿಗೆ ಪ್ರಮೋಷನ್ ತಪ್ಪಲ್ಲ!”

ಅವರ ಮಗ ಅನಂತಪದ್ಮನಾಭ ಯಾವುದೋ ಕಚೇರಿಯಲ್ಲಿ ಗುಮಾಸ್ತ. ಅಷ್ಟು ಹೊತ್ತು ಬೋಂಡಾದ ಮೇಲೆ ನೆಟ್ಟಿದ್ದ ಕಣ್ಣನ್ನು ಆಗ ಎತ್ತಿ, ನನ್ನ ಕಿವಿಯನ್ನು ಗೌರವದಿಂದ ನೋಡಿದ.

ಅಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ ಪಟ್ಟದಾನೆ ಊರೆಲ್ಲ ಸುತ್ತಿ, ಭುಜದ ಮೇಲೆ ಚಂದ್ರನ ಗುರುತಿದ್ದ ಕುರುಬರ ಹುಡುಗಿಯ ಕೊರಳಿಗೆ ಮಾಲೆ ಹಾಕುತ್ತದೆ. ಬುದ್ಧಿ ಬಂದಾಗಿನಿಂದ ಅಂಥದೊಂದು ಆನೆಗಾಗಿ ಕಾದವಳು ನಾನು. ಬಂದದ್ದು ಮೀನಾಕ್ಷಮ್ಮ. ಗಾತ್ರದಲ್ಲಿ ಮೋಸವಿರಲಿಲ್ಲ.

ಬರುವ ಶುಕ್ರವಾರವೇ ನಿಶ್ಚಿತಾರ್ಥ ಎಂದು ಹೇಳಿ ಅವರು ಹೊರಟರು.

“ಅಪ್ಪಾ, ನನಗೆ ಅಲ್ಲಿ ಮಚ್ಚೆ ಇರ್ಲೇ ಇಲ್ಲ,” ಎಂದೆ.

“ನಿನ್ನ ಕಿವಿ ಹಿಂದೆ ನೀನು ಯಾವಾಗ ನೋಡ್ಕೊಂಡೆ?”

“ತಲೆ ಬಾಚುವಾಗ ಕೈಗೆ ಸಿಗ್ತಿರ್ಲಿಲ್ವಾ?”

“ಬಾಯ್ಮುಚ್ಚು ವಾರಿಜಾ. ಬಂದ ಸಂಬಂಧ ಎಲ್ಲಾ ಜಾತಕ ಕೂಡದೆ ತಪ್ಪಿಹೋಯ್ತು. ಈಗ ದೇವರೇ ಒಂದು ಮಚ್ಚೆ ಕರುಣಿಸಿದಾನೆ, ಇದಕ್ಕೂ ಕಲ್ಲು ಹಾಕ್ಬೇಡ.”

ಮರುದಿನದಿಂದ ನನ್ನ ಕಿವಿಗೆ ಪೂಜೆ ಶುರುವಾಯಿತು. ಅಪ್ಪನ ಅಪ್ಪಣೆಯಂತೆ ಅಮ್ಮ ಬೆಳಗ್ಗೆ ಅದಕ್ಕೆ ಕುಂಕುಮವಿಟ್ಟಳು. ಅಪ್ಪ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿ, “ನಿನ್ನೆಗಿಂತ ದಪ್ಪಗಾಗಿದೆ ಕಣೇ! ಒಳ್ಳೇ ಲಕ್ಷಣ!” ಎಂದರು. ಮೆಣಸಿನ ಕಾಳು ಕಡಲೆಕಾಳಾಗಿತ್ತು. ಮಚ್ಚೆ ಎಲ್ಲಾದರೂ ಊಟ ಮಾಡಿ ಬೆಳೆಯುತ್ತದೆಯೇ ಎಂದು ಬಿ.ಎ. ಓದಿದ ಆ ಮಹಾನುಭಾವರಿಗೆ ತೋಚಲಿಲ್ಲ.

ಬುಧವಾರ ಜ್ವರ ಬಂತು. ಕಿವಿಯ ಕೆಳಗೆ ಗಂಟು ಕಟ್ಟಿ ಕತ್ತು ತಿರುಗಿಸಲಾಗಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದೆ.

“ನಿಶ್ಚಿತಾರ್ಥ ಆಗ್ಲಿ. ಈಗ ಡಾಕ್ಟರ ಮೆಟ್ಟಿಲು ಹತ್ತಿದ್ರೆ ಹುಡುಗಿ ರೋಗಿಷ್ಠೆ ಅಂತಾರೆ.”

“ಅಷ್ಟರಲ್ಲಿ ನನಗೇನಾದ್ರೂ ಆದ್ರೆ?”

“ಶುಭ ನುಡಿಯೋ ಸೋಮಾ ಅಂದ್ರೆ ಗೂಬೆ ಕಾಣ್ತಿದೆ ಮಾಮ ಅಂದ್ನಂತೆ!” ಎಂದು ಗೊಣಗಿ ಅಪ್ಪ ಆಫೀಸಿಗೆ ಹೋದರು.

ಕುಂಕುಮ ಇಡಲು ಬಂದ ಅಮ್ಮ ನನ್ನನ್ನು ಮುಟ್ಟಿ ಬೆರಳು ಹಿಂದಕ್ಕೆಳೆದುಕೊಂಡಳು. “ಮೈ ಕೆಂಡ ಆಗಿದೆಯಲ್ಲೇ!” ಬಟ್ಟಲನ್ನು ಅಲ್ಲೇ ಇಟ್ಟು, ಸೀರೆ ಬದಲಾಯಿಸಿ, ಬೀಗದ ಕೈ ತೆಗೆದುಕೊಂಡಳು. “ಅಪ್ಪ ಕೇಳಿದ್ರೆ ಗುಡಿಗೆ ಹೋಗಿದ್ವಿ ಅನ್ನೋಣ, ಏಳು.”

ಸೌತ್ ಎಂಡ್ ಬಳಿ ಡಾಕ್ಟರ್ ವಿಮಲಾ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ರೋಗಿಗಳನ್ನು ನೋಡುತ್ತಿದ್ದರು. ಕಿವಿ ಮಡಚಿ, ಟಾರ್ಚು ಬಿಟ್ಟು, “ಇದಕ್ಕೆ ಕುಂಕುಮ ಇಟ್ಟೋರು ಯಾರ್ರೀ?” ಎಂದರು.

ಅಮ್ಮ ಗೋಡೆ ನೋಡಿದಳು.

“ಇದು ಉಣ್ಣೆ ಕಣ್ರೀ! ದನದ ಮೈಗೆ ಕಚ್ಕೊಂಡಿರುತ್ತಲ್ಲ, ಆ ಹುಳ. ರಕ್ತ ಕುಡಿದು ಊದ್ಕೊಂಡಿದೆ. ಮನೇಲಿ ಹಸು ಇದೆಯಾ?”

ಇರಲಿಲ್ಲ. ಆದರೆ ಸುದ್ದಗುಂಟೆಪಾಳ್ಯದ ಮುನಿವೆಂಕಟಮ್ಮ ದಿನಾ ಹಸು ಹೊಡೆದುಕೊಂಡು ಬಂದು ನಮ್ಮ ಬಾಗಿಲಲ್ಲೇ ಹಾಲು ಕರೆಯುತ್ತಿದ್ದಳು. ಅವಳು ಕರೆದು ಮುಗಿಸುವವರೆಗೆ ನಾನು ಕರುವಿನ ಕುತ್ತಿಗೆಗೆ ಕೆನ್ನೆಯಾನಿಸಿ ಏನೇನೋ ಕನಸು ಕಾಣುತ್ತಿದ್ದೆ.

“ಶಿವಮೊಗ್ಗದ ಕಾಡಿನ ಕಡೆಗೇನಾದ್ರೂ ಹೋಗಿದ್ಯಾ? ಅಲ್ಲಿ ಉಣ್ಣೆ ಕಚ್ಚಿ ಜ್ವರ ಬಂದು ಜನ ಸಾಯ್ತಿದಾರೆ.”

“ಲಾಲ್‌ಬಾಗ್ ದಾಟಿ ಹೋಗಿಲ್ಲ, ಡಾಕ್ಟ್ರೇ.”

“ಆದ್ರೂ ಜ್ವರ ಬಿಡೋವರೆಗೆ ದಿನಾ ಬಂದು ತೋರಿಸ್ಬೇಕು. ಮೈಮೇಲೆ ಗಂಧೆ ಎದ್ರೆ ತಕ್ಷಣ ಬಾ.”

ಚಿಮಟವನ್ನು ಚರ್ಮಕ್ಕೆ ಒತ್ತಿ ಹಿಡಿದು, ತಿರುಚದೆ, ನೇರವಾಗಿ ಮೆಲ್ಲನೆ ಎಳೆದರು. ಬಿಳಿ ತಟ್ಟೆಯಲ್ಲಿ ಬಿದ್ದ ನನ್ನ ಭಾಗ್ಯ ಕಾಲಾಡಿಸಿತು. ಅಮ್ಮ ನಗಲು ಶುರುಮಾಡಿ, ನಡುವೆ ಅದು ಅಳುವಾಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸಂಜೆ ಕಿವಿಗೆ ಹಚ್ಚಿದ ಔಷಧಿ ಕಂಡು, ಅಮ್ಮನಿಂದ ಎಲ್ಲ ಕೇಳಿ ತಿಳಿದ ಅಪ್ಪ ನನ್ನತ್ತ ತಿರುಗಿದರು. “ಶುಕ್ರವಾರದವರೆಗೆ ಇಟ್ಕೊಳ್ಳೋಕೆ ಆಗ್ತಿರ್ಲಿಲ್ವಾ?”

“ಹುಳಾನಾ?”

“ಹುಳ ಅಂತ ಅವರಿಗೇನು ಗೊತ್ತಾಗ್ತಿತ್ತು!”

ಮುಚ್ಚಿಟ್ಟರೆ ಆಮೇಲೆ ರಂಪವಾದೀತೆಂಬ ಹೆದರಿಕೆಯಲ್ಲಿ ಅಪ್ಪನೇ ಬಸವನಗುಡಿಗೆ ಹೋಗಿ ಹೇಳಿ ಬಂದರು. ಮರುದಿನ ಅನಂತಪದ್ಮನಾಭ ಸೈಕಲ್ಲಿನಲ್ಲಿ ಬಂದ. ಹಜಾರದಲ್ಲಿ ಕಂಬಳಿ ಹೊದ್ದು ಮಲಗಿದ್ದ ನನ್ನನ್ನು ನೋಡಿ ಹೊಸ್ತಿಲಲ್ಲೇ ನಿಂತ.

“ಅಮ್ಮ ಕಳಿಸಿದ್ರು,” ಎಂದ.

ಜ್ವರ ಹೇಗಿದೆ ಎಂದು ಕೇಳಬಹುದೆಂದು ಒಂದು ಗಳಿಗೆ ಕಾದೆ. ಕಥೆ ಕೇಳಿ ಬೆಳೆದದ್ದರ ಕೇಡು ಇದು. ಎಂಥ ಹಾವಾದರೂ ಪೊರೆ ಕಳಚಿದರೆ ಒಳಗೊಬ್ಬ ರಾಜಕುಮಾರ ಇದ್ದಾನು ಅನ್ನಿಸುತ್ತದೆ.

“ಬೇರೆ ಎಲ್ಲಾದ್ರೂ... ಮಚ್ಚೆ ಇದೆಯಾ ಅಂತ ಕೇಳ್ಕೊಂಡು ಬಾ ಅಂದ್ರು.”

ಅಪ್ಪ ನನ್ನತ್ತ ಆಸೆಯಿಂದ ನೋಡಿದರು.

“ಒಂದೂ ಇಲ್ಲ. ನಿಮಗಿದೆಯಾ?” ಎಂದೆ.

ಅವನು ನಿಜವಾಗಿಯೂ ಯೋಚಿಸಿದ. “ಅಮ್ಮನ್ನ ಕೇಳ್ಬೇಕು.”

“ಕೇಳಿ. ಹಾಗೇ ಶುಕ್ರವಾರ ಬರೋದು ಬೇಡ ಅಂತಾನೂ ಹೇಳಿ.”

ಅಪ್ಪ ಬಾಯಿ ತೆರೆಯುವುದರೊಳಗೆ ಅಮ್ಮ ಹೊರಬಂದು, ಅವರಿಗೆ ಕೇಳುವ ಹಾಗೆಯೇ, “ಡಾಕ್ಟರ ಹತ್ರ ಹೊತ್ತಾಯ್ತು, ಏಳು,” ಎಂದು ನನ್ನ ತೋಳು ಹಿಡಿದಳು. ಅವನು ಸೈಕಲ್ಲನ್ನು ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿದ್ದ. ಸರಿಸಿ ಎಂದು ಅದನ್ನೂ ಹೇಳಬೇಕಾಯಿತು.